ತಲೆಗೆ ಪೆಟ್ಟು ಬಿದ್ದವರನ್ನು ‘ಸರಿ ಇದ್ದಾರೆ’ ಅಂತ ಮನೆಗೆ ಕಳಿಸಬೇಡಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಮತ್ತು ವರ್ತನೆಯ ಪರೀಕ್ಷೆ, ಅದನ್ನು ಮಾಡಬಲ್ಲವರನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲೇ ತಯಾರು ಮಾಡುವ ಬಗ್ಗೆ.

ಮಾನ್ಯರೇ,

ನಾನು ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುವವಳು. ಈ ಪತ್ರವನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆಯುವುದಕ್ಕೆ ಕಾರಣವಿದೆ. ಆಸ್ಪತ್ರೆಗೆ ಹೋಗಿ ಕೇಳಿದರೆ ‘ಅಂಥ ಪರೀಕ್ಷೆ ಮಾಡೋರು ನಮ್ಮಲ್ಲಿ ಇಲ್ಲ’ ಅನ್ನುತ್ತಾರೆ. ವಿಶ್ವವಿದ್ಯಾಲಯದವರನ್ನು ಕೇಳಿದರೆ ‘ಕೋರ್ಸ್ ಮಾಡಿದ್ರೆ ಕೆಲಸ ಎಲ್ಲಿದೆ’ ಅನ್ನುತ್ತಾರೆ. ಎರಡು ಮಾತೂ ನಿಜ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಕೂತಿರುವುದರಿಂದ ಮಧ್ಯದಲ್ಲಿ ರೋಗಿಯ ಮನೆಯವರು ದಿಕ್ಕು ಕಾಣದೆ ನಿಂತಿದ್ದಾರೆ.

ನಾನು ಹೇಳುತ್ತಿರುವುದು ನ್ಯೂರೋಸೈಕಾಲಜಿ ಬಗ್ಗೆ. ಮೆದುಳಿನ ಯಾವ ಭಾಗಕ್ಕೆ ಏಟಾದರೆ ನೆನಪು, ಮಾತು, ಗಮನ, ಸಿಟ್ಟು, ತೀರ್ಮಾನ ಹೇಗೆ ಬದಲಾಗುತ್ತವೆ, ಆ ಬದಲಾವಣೆಯನ್ನು ಅಳೆಯುವುದು ಹೇಗೆ, ಕಳೆದುಹೋದದ್ದನ್ನು ಎಷ್ಟರಮಟ್ಟಿಗೆ ಮತ್ತೆ ಕಲಿಸಬಹುದು ಎಂದು ನೋಡುವ ವಿದ್ಯೆ ಇದು. ಸ್ಕ್ಯಾನ್ ಮೆದುಳಿನ ಚಿತ್ರ ಕೊಡುತ್ತದೆ. ಆ ಮನುಷ್ಯ ನಾಳೆ ಅಂಗಡಿಗೆ ಹೋಗಿ, ಬೇಕಾದ್ದು ನೆನಪಿಟ್ಟು, ಚಿಲ್ಲರೆ ಎಣಿಸಿಕೊಂಡು ಮನೆಗೆ ಬರುತ್ತಾನಾ ಅನ್ನುವುದನ್ನು ಸ್ಕ್ಯಾನ್ ಹೇಳುವುದಿಲ್ಲ. ಅದನ್ನು ಇನ್ನೊಬ್ಬರು ಎದುರು ಕೂತು, ಸಮಯ ಕೊಟ್ಟು ನೋಡಬೇಕು.

ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಮನೆಯವರ ಒಪ್ಪಿಗೆ ಕೇಳಿದ್ದೇನೆ, ಹೆಸರು ಊರು ಬೇಡ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ವೈರಿಂಗ್ ಕೆಲಸದವರು. ರಾತ್ರಿ ಬೈಕಿನಲ್ಲಿ ಬರುವಾಗ ಬಣ್ಣ ಬಳಿಯದ ರೋಡ್ ಹಂಪ್ ಕಾಣದೆ ಬಿದ್ದರು. ಹೆಲ್ಮೆಟ್ ಇರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಸಿ.ಟಿ. ಸ್ಕ್ಯಾನ್ ಮಾಡಿದರು, ಆಪರೇಷನ್ ಬೇಕಾಗುವಂಥದ್ದು ಏನಿಲ್ಲ ಅಂದರು. ಪ್ರಜ್ಞೆ ಬಂದ ಮೇಲೆ ಹೆಸರು ಕೇಳಿದರೆ ಹೇಳಿದರು, ಎದ್ದು ಓಡಾಡಿದರು. ‘ಸರಿ ಇದ್ದಾರೆ, ಕರ್ಕೊಂಡು ಹೋಗಿ’ ಅಂತ ಡಿಸ್ಚಾರ್ಜ್ ಮಾಡಿದರು. ಆ ಚೀಟಿಯನ್ನು ನಾನು ಓದಿದ್ದೇನೆ. ಮಾತ್ರೆಗಳ ಹೆಸರಿತ್ತು. ಹೊಲಿಗೆ ಬಿಚ್ಚಿಸುವ ತಾರೀಖಿತ್ತು. ನಡವಳಿಕೆ ಬದಲಾಗಬಹುದು, ಹೀಗೆ ಆದರೆ ಇಲ್ಲಿಗೆ ಬನ್ನಿ ಅನ್ನುವ ಒಂದು ಸಾಲೂ ಇರಲಿಲ್ಲ.

ಜೀವ ಉಳಿಸಿದ ವೈದ್ಯರ ಮೇಲೆ ನನ್ನ ದೂರು ಅಲ್ಲ. ಅವರಿಗೆ ಆ ರಾತ್ರಿ ಇನ್ನೂ ಹತ್ತು ಜನ ಕಾಯುತ್ತಿದ್ದರು. ನನ್ನ ದೂರು, ಅವರು ಬರೆದು ಕಳಿಸಬಹುದಾಗಿದ್ದ ಕೊಠಡಿಯೇ ಆ ಆಸ್ಪತ್ರೆಯಲ್ಲಿ ಇಲ್ಲದಿರುವುದರ ಬಗ್ಗೆ.

ಮನೆಗೆ ಬಂದ ಮೇಲೆ ಶುರುವಾಯಿತು. ಸ್ನಾನ ಮಾಡಿ ಅಂದರೆ ಮಾಡುತ್ತಾರೆ, ಹೇಳದಿದ್ದರೆ ಮೂರು ದಿನ ಹಾಗೇ ಕೂತಿರುತ್ತಾರೆ. ಸ್ವಿಚ್ ಬೋರ್ಡ್ ಬಿಚ್ಚಿ ಹರಡಿದರೆ ಮುಂದೇನು ಮಾಡಬೇಕೆಂದು ತೋಚದೆ ಎದ್ದು ಹೋಗುತ್ತಾರೆ. ಯಾವತ್ತೂ ಗದರದವರು ಅತ್ತೆಗೆ ಕೆಟ್ಟ ಮಾತು ಬೈದರು. ನೆಂಟರ ಮನೆಯ ಸಾವಿನಲ್ಲಿ ನಕ್ಕರು. ನನ್ನ ವಿದ್ಯಾರ್ಥಿನಿಯ ತಾಯಿ ನನ್ನ ಹತ್ತಿರ ಹೇಳಿದ್ದು ಇದು: ‘ಊಟಕ್ಕೆ ಕರೆದ್ರೆ ಬರ್ತಾರೆ ಮೇಡಂ. ಬಡಿಸಿದ್ದನ್ನೆಲ್ಲಾ ತಿಂತಾರೆ. ಸಾಕು ಅಂತ ಅವರಾಗಿ ಹೇಳಲ್ಲ.’ ಊರಿನವರು ಕುಡಿತ ಅಂದರು. ಕೆಲವರು ನಾಟಕ ಅಂದರು, ದುಡಿಯೋಕೆ ಮೈಗಳ್ಳತನ ಅಂದರು. ಕುಡಿತ ಬಿಡಿಸುವ ಶಿಬಿರಕ್ಕೆ ಕರೆದುಕೊಂಡು ಹೋದರು, ಹರಕೆ ಕಟ್ಟಿದರು, ತಾಯತ ಕಟ್ಟಿಸಿದರು. ಅಷ್ಟಕ್ಕೆಲ್ಲಾ ಸಾಲ ಆಯಿತು.

ಆದದ್ದು ಏನು? ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗ, ಕಣ್ಣುಗುಳಿಯ ಮೇಲಿನ ಉಬ್ಬುತಗ್ಗಾದ ಮೂಳೆಯ ಮೇಲೆ ಕೂತಿರುತ್ತದೆ. ತಲೆ ನೆಲಕ್ಕೆ ಬಡಿದಾಗ ಮೆದುಳು ಒಳಗೆ ಅಲುಗಿ ಆ ಮೂಳೆಗೆ ಉಜ್ಜುತ್ತದೆ. ಜೊತೆಗೆ ನರತಂತುಗಳು ಹಿಗ್ಗಿ ಹರಿಯುತ್ತವೆ. ಈ ಹರಿದದ್ದು ಎಷ್ಟೋ ಸಲ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಕೆಲಸ ಶುರು ಮಾಡುವುದು, ಹಂತ ಹಂತವಾಗಿ ಮುಗಿಸುವುದು, ಬಾಯಿಗೆ ಬಂದ ಮಾತನ್ನು ತಡೆಯುವುದು, ಇಲ್ಲಿ ನಗಬಾರದು ಅಂತ ತಿಳಿಯುವುದು, ಇದಕ್ಕೆಲ್ಲಾ ಆ ಮುಂಭಾಗ ಬೇಕು. ಅದಕ್ಕೆ ಪೆಟ್ಟಾದವರು ಮಾತಾಡುತ್ತಾರೆ, ನಡೆಯುತ್ತಾರೆ, ಹಳೆಯದೆಲ್ಲಾ ನೆನಪಿರುತ್ತದೆ. ಹಾಗಾಗಿ ನೋಡಿದವರಿಗೆ ಕಾಯಿಲೆ ಕಾಣುವುದಿಲ್ಲ. ಕೆಟ್ಟ ಗುಣ ಕಾಣುತ್ತದೆ.

ಇದು ತಲೆಪೆಟ್ಟಿಗೆ ಮಾತ್ರ ಸೀಮಿತವಲ್ಲ. ಲಕ್ವ ಹೊಡೆದು ಮೆದುಳಿನ ಬಲಭಾಗ ಕೆಟ್ಟವರು ಕೆಲವೊಮ್ಮೆ ಎಡಗಡೆಯ ಜಗತ್ತನ್ನೇ ಗಮನಿಸುವುದಿಲ್ಲ. ತಟ್ಟೆಯ ಬಲಕ್ಕಿರುವ ಮುದ್ದೆ ತಿಂದು, ಎಡಕ್ಕಿರುವ ಪಲ್ಯ ಹಾಗೇ ಬಿಟ್ಟು ಏಳುತ್ತಾರೆ. ಕಣ್ಣು ಚೆನ್ನಾಗಿಯೇ ಇರುತ್ತದೆ. ಮುಪ್ಪಿಗೆ ಮುಂಚೆಯೇ ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಮೊದಲು ಹೋಗುವುದು ನೆನಪಲ್ಲ, ಮರ್ಯಾದೆ. ಜೀವನವಿಡೀ ನೇರವಾಗಿ ಬದುಕಿದ ಮೇಷ್ಟರು ಅಂಗಡಿಯಲ್ಲಿ ಸಾಮಾನು ಎತ್ತಿ ಜೇಬಿಗೆ ಹಾಕಿಕೊಂಡರೆ ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ಅದು ರೋಗ ಅಂತ ಅವರಿಗೆ ಹೇಳುವವರು ತಾಲ್ಲೂಕಿನಲ್ಲಿ ಯಾರಿದ್ದಾರೆ?

ಆ ವೈರಿಂಗ್ ಕೆಲಸದವರನ್ನು ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದರು. ಮಗಳು ಜೊತೆಗಿದ್ದಳು, ಬಂದು ನನಗೆ ವಿವರಿಸಿದಳು. ಒಂದು ಹಾಳೆ. ಅದರ ತುಂಬಾ ವೃತ್ತಗಳು, ಒಳಗೆ 1ರಿಂದ 25ರವರೆಗೆ ಅಂಕಿಗಳು. ಕೆಲವು ಗುಲಾಬಿ, ಕೆಲವು ಹಳದಿ. ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಸೇರಿಸಬೇಕು, ಆದರೆ ಒಂದು ಗುಲಾಬಿ ಆದರೆ ಮುಂದಿನದು ಹಳದಿ ಆಗಬೇಕು. ಅಪ್ಪ ಮೊದಲ ಮೂರು ಸರಿ ಮಾಡಿದರಂತೆ. ಆಮೇಲೆ ಗುಲಾಬಿಯಿಂದ ಗುಲಾಬಿಗೇ ಹೋದರು. ಹೇಳಿದರೆ ತಲೆ ಆಡಿಸಿದರು, ಮತ್ತೆ ಗುಲಾಬಿಗೇ ಹೋದರು. ನಿಯಮ ಗೊತ್ತಿದೆ, ಕೈ ಅದನ್ನು ಪಾಲಿಸುತ್ತಿಲ್ಲ. ‘ಆ ಹಾಳೆ ನೋಡಿದ ಮೇಲೆ ಅಮ್ಮ ಅಪ್ಪನಿಗೆ ಬೈಯೋದು ಬಿಟ್ಟಳು’ ಅಂದಳು. ಮಾತ್ರೆ ಕೊಡುವ ಮುಂಚೆಯೇ ಆ ಮನೆಯಲ್ಲಿ ಅಷ್ಟು ಬದಲಾಯಿತು. ಕಾಗದ, ಪೆನ್ಸಿಲ್, ಸ್ಟಾಪ್‌ವಾಚ್, ಜೊತೆಗೆ ಕಲಿತ ಒಬ್ಬ ಮನುಷ್ಯ. ಕೋಟಿಗಟ್ಟಲೆಯ ಯಂತ್ರ ಇದಕ್ಕೆ ಬೇಡ.

ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸವೂ ಹಾಗೆಯೇ. ಬೇರೆ ಬೇರೆ ಕಾಳು ಬೆರೆಸಿ, ಹೊತ್ತು ನೋಡಿಕೊಂಡು ಬೇರ್ಪಡಿಸುವುದು. ಅಕ್ಷರಗಳ ಸಾಲಿನಲ್ಲಿ ಒಂದೇ ಅಕ್ಷರ ಹುಡುಕಿ ಹೊಡೆದುಹಾಕುವುದು. ತಲೆಪೆಟ್ಟಿನಿಂದ ಗಮನ ಕಳೆದುಕೊಂಡವರಿಗೆ ಕಾಳು ಬೇರ್ಪಡಿಸುವ ಈ ತರಬೇತಿಯನ್ನು ರೂಪಿಸಿದ್ದು ಎಲ್ಲೋ ವಿದೇಶದಲ್ಲಿ ಅಲ್ಲ, ನಮ್ಮ ನಿಮ್ಹಾನ್ಸ್‌ನಲ್ಲಿ. ಓದು ಬಾರದವರ ಮನೆಯಲ್ಲೂ ಮೊರ ಇರುತ್ತದೆ, ಕಾಳು ಇರುತ್ತದೆ ಅಂತ ಯೋಚಿಸಿ ಮಾಡಿದ ಕೆಲಸದಂತೆ ನನಗೆ ಅದು ಕಾಣುತ್ತದೆ. ಆದರೆ ಇದನ್ನು ನೋಡಿ, ತಿದ್ದಿ, ಮುಂದಿನ ಹಂತ ಕೊಡುವವರು ವಾರಕ್ಕೊಮ್ಮೆಯಾದರೂ ಬೇಕು. ಬೆಂಗಳೂರಿಗೆ ಹೋಗಿ ಬರಲು ಇಬ್ಬರ ಬಸ್ ಚಾರ್ಜು, ತಾಯಿಯ ಒಂದು ದಿನದ ಕೂಲಿ, ಮಗಳ ಕ್ಲಾಸು ಹೋಗುತ್ತದೆ. ಕೆಲವು ವಾರ ಹೋದರು. ಆಮೇಲೆ ಬಿಟ್ಟರು.

ಮಾನ್ಯ ಉನ್ನತ ಶಿಕ್ಷಣ ಸಚಿವರೇ, ಈಗ ನಮ್ಮ ತರಗತಿಗೆ ಬನ್ನಿ.

ಮನೋವಿಜ್ಞಾನ ಓದಿದ ಪ್ರತಿ ಮಗುವಿಗೂ ಫಿನಿಯಾಸ್ ಗೇಜ್ ಕಥೆ ಗೊತ್ತು. 1848ರ ಸೆಪ್ಟೆಂಬರ್ 13, ಅಮೆರಿಕದ ವರ್ಮಾಂಟ್. ರೈಲು ದಾರಿಗೆ ಬಂಡೆ ಸಿಡಿಸುವಾಗ ಮೂರೂವರೆ ಅಡಿಗಿಂತ ಉದ್ದದ, ಸುಮಾರು 6 ಕೆ.ಜಿ. ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ನುಗ್ಗಿ ತಲೆಯ ಮೇಲಿಂದ ಹೊರಬಂತು. ಬದುಕಿದ. ಆದರೆ ಸ್ವಭಾವ ಬದಲಾಯಿತು, ಇವನು ಹಿಂದಿನ ಗೇಜ್ ಅಲ್ಲ ಅಂದರು ಗೆಳೆಯರು. ಐದು ಅಂಕದ ಪ್ರಶ್ನೆ ಇದು, ಮಕ್ಕಳು ಚೆನ್ನಾಗಿ ಬರೆಯುತ್ತಾರೆ. ನಾವು ಬರೆಸುವ ನೋಟ್ಸ್ ಅಲ್ಲಿಗೇ ನಿಲ್ಲುತ್ತದೆ. ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಓಡಿಸಿದ. ಹೊತ್ತಿಗೆ ಸರಿಯಾಗಿ ಎದ್ದು, ಕುದುರೆ ನೋಡಿಕೊಂಡು, ಪ್ರಯಾಣಿಕರ ಜೊತೆ ವ್ಯವಹರಿಸಿ ಮಾಡುವ ಕೆಲಸ ಅದು. ದಿನವೂ ಒಂದೇ ಕ್ರಮದ ಕೆಲಸವೇ ಅವನನ್ನು ಮತ್ತೆ ಹಳಿಗೆ ತಂದಿರಬೇಕು ಎಂದು ಇತ್ತೀಚಿನ ಸಂಶೋಧಕರು ವಾದಿಸುತ್ತಾರೆ. ಕಥೆಯ ಈ ಅರ್ಧ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿದ್ದರೆ, ಸ್ವಿಚ್ ಬೋರ್ಡ್ ಬಿಟ್ಟು ಎದ್ದುಹೋದ ಅಪ್ಪನಿಗೆ ದಿನಕ್ಕೊಂದು ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕು ಅಂತ ನನ್ನ ವಿದ್ಯಾರ್ಥಿನಿಗೆ ಮೊದಲ ತಿಂಗಳೇ ಹೊಳೆಯುತ್ತಿತ್ತು.

1861ರಲ್ಲಿ ಮಾತಿಗೆ ಬೇಕಾದ ಮೆದುಳಿನ ಭಾಗ ಗುರುತಿಸಿದ ಪ್ಯಾರಿಸ್‌ನ ವೈದ್ಯ ಬ್ರೋಕಾ, 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಸ ನೆನಪನ್ನೇ ಕಟ್ಟಲಾಗದ ಹೆನ್ರಿ ಮೊಲೈಸನ್, ಎಲ್ಲವೂ ಹೀಗೆಯೇ ಹೆಸರು, ಇಸವಿ, ಅಂಕ ಆಗಿವೆ. ಪ್ರಾಯೋಗಿಕ ತರಗತಿಯಲ್ಲಿ ನಮ್ಮ ಹತ್ತಿರ ಇರುವುದು ಪ್ಲಾಸ್ಟಿಕ್ಕಿನ ಒಂದು ಮೆದುಳಿನ ಮಾದರಿ. ‘ಚಿತ್ರ ಬರೆದು ಭಾಗಗಳನ್ನು ಹೆಸರಿಸಿ.’ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷ್ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಅವರಲ್ಲಿ ತಲೆ ಇಲ್ಲ ಅಂತಲ್ಲ. ಒಮ್ಮೆ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಹಿಂದಿನ ಬೆಂಚಿನ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ಒಂದು ಮೆದುಳನ್ನು ತೋರಿಸಿ ಕೇಳಿದ: ‘ಇವರಿಗೆ ಎಷ್ಟು ಭಾಷೆ ಬರ್ತಿತ್ತು ಅಂತ ಇದನ್ನ ನೋಡಿ ಹೇಳೋಕಾಗುತ್ತಾ ಮೇಡಂ?’

ಆ ಪ್ರಶ್ನೆಯ ಬೆಲೆ ದೊಡ್ಡದು. 2013ರಲ್ಲಿ ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ಜನರ ದಾಖಲೆ ನೋಡಿ ಒಂದು ವಿಷಯ ಕಂಡುಕೊಂಡರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಮಂಗಳೂರಿನ ಮಾರ್ಕೆಟ್ಟಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕನ್ನೂ ಆಡುವ ಮೀನು ಮಾರುವ ಹೆಂಗಸರ ನಾಡು ನಮ್ಮದು. ಭಾಷೆ ಮತ್ತು ಮೆದುಳಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲಾ ನಮ್ಮ ಬೀದಿಯಲ್ಲೇ ಇವೆ. ಕೇಳುವ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ಬಿ.ಎ. ಆದ ಮೇಲೆ ಈ ದಾರಿಯಲ್ಲಿ ಮುಂದೆ ಹೋಗಲು ಹತ್ತಿರದಲ್ಲಿ ಏನೂ ಇಲ್ಲ.

ಪರೀಕ್ಷೆಗಳ ವಿಚಾರದಲ್ಲೂ ನಮ್ಮ ಕೆಲಸವನ್ನು ನಾವೇ ಮಾಡಬೇಕು. ಹೊರದೇಶದ ಪರೀಕ್ಷೆಯನ್ನು ಹಾಗೇ ತಂದು ಕೊಟ್ಟರೆ ಅದು ಮೆದುಳನ್ನು ಅಳೆಯುವುದಿಲ್ಲ, ಸ್ಕೂಲನ್ನು ಅಳೆಯುತ್ತದೆ. ಹುಟ್ಟಿದಾಗಿಂದ ಪೆನ್ಸಿಲ್ ಹಿಡಿಯದ ಅಜ್ಜಿಗೆ ಒಂದು ಜಟಿಲ ಚಿತ್ರ ಕೊಟ್ಟು ನಕಲು ಮಾಡಿ ಅಂದರೆ ಗೆರೆ ಸೊಟ್ಟಗೇ ಬರುತ್ತದೆ. ಅಷ್ಟಕ್ಕೇ ಅವರಿಗೆ ಮೆದುಳಿನ ತೊಂದರೆ ಅನ್ನಬಹುದಾ? ನಿಮ್ಹಾನ್ಸ್‌ನವರು 2004ರಲ್ಲಿ ಪ್ರಕಟಿಸಿದ ಪರೀಕ್ಷಾ ಮಾಲಿಕೆಯಲ್ಲಿ ಓದು ಬಾರದವರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ ಅಳತೆಗೋಲು ಇಟ್ಟದ್ದು ಇದೇ ಕಾರಣಕ್ಕೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅನ್ನುವಂಥ, ಅಕ್ಷರವೇ ಬೇಡದ ಪರೀಕ್ಷೆಯೂ ಅದರಲ್ಲಿದೆ. ಇದನ್ನು ಕಲಬುರಗಿಯ ಕನ್ನಡಕ್ಕೆ, ಕುಂದಾಪುರದ ಕನ್ನಡಕ್ಕೆ, ಮನೆಯಲ್ಲಿ ಉರ್ದು ಲಂಬಾಣಿ ಆಡುವವರಿಗೆ ಹೊಂದಿಸಿ ಹೊಸ ಅಳತೆ ತೆಗೆಯುವ ಕೆಲಸ ಬಾಕಿ ಇದೆ. ಯಾವ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗವೂ ಕೈಗೆತ್ತಿಕೊಳ್ಳಬಹುದಾದ ಕೆಲಸ ಇದು.

ಮಾನ್ಯರೇ, ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ದೇಶದ ಮೊಟ್ಟಮೊದಲ ವಿಭಾಗಗಳ ಸಾಲಿನಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಕೇಂದ್ರ ನಡೆಸಿ ‘ಆಕಾಶವಾಣಿ’ ಅಂತ ಕರೆದವರು. ಮಾತು ಮತ್ತು ಶ್ರವಣದ ರಾಷ್ಟ್ರೀಯ ಸಂಸ್ಥೆ ಮೈಸೂರಿನಲ್ಲಿದೆ. ನಿಮ್ಹಾನ್ಸ್ 1974ರಿಂದ ಬೆಂಗಳೂರಿನಲ್ಲಿದೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗೆ ಒಯ್ಯುವುದು ಹೇಗೆ ಎಂದು ಇಡೀ ದೇಶಕ್ಕೆ ತೋರಿಸಿದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ಅದನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಷ್ಟೆಲ್ಲಾ ಇರುವ ರಾಜ್ಯದಲ್ಲಿ ತಲೆಗೆ ಪೆಟ್ಟಾದವರ ಗಮನ, ನೆನಪು ಪರೀಕ್ಷಿಸಲು ಜಿಲ್ಲೆಯ ಜನ ಬೆಂಗಳೂರಿನ ಬಸ್ ಹತ್ತಬೇಕು ಅಂದರೆ ಏನು ಹೇಳುವುದು?

2022ರ ಜನವರಿಯಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆ, ಈ ನಾಲ್ಕನ್ನು ಗುರುತಿಸಲು ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ಕೊಡುವ ಯೋಜನೆ ಅದು. ಒಳ್ಳೆಯ ಕೆಲಸ, ಮನಸ್ಸಿನಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಕೋರಿಕೆ ಅದಕ್ಕೇ ಸಂಬಂಧಿಸಿದ್ದು. ಆ ನಾಲ್ಕರ ಜೊತೆ ತಲೆಪೆಟ್ಟಿನ ನಂತರದ ನಡವಳಿಕೆ ಬದಲಾವಣೆಯನ್ನೂ ಸೇರಿಸಿ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದ್ದ ಯಾರನ್ನೇ ಡಿಸ್ಚಾರ್ಜ್ ಮಾಡುವಾಗ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಡುವುದನ್ನು ಕಡ್ಡಾಯ ಮಾಡಿ: ಮರೆವು, ಅತಿಯಾದ ಸಿಟ್ಟು, ಸುಮ್ನೆ ಕೂತುಬಿಡುವುದು, ಹಣ ಹೇಗೆಂದರೆ ಹಾಗೆ ಖರ್ಚು ಮಾಡುವುದು, ಇವು ಪೆಟ್ಟಿನಿಂದ ಬರಬಹುದು, ಬಂದರೆ ಇಂಥ ಕೊಠಡಿಗೆ ಇಂಥ ದಿನ ಬನ್ನಿ ಅಂತ. ಅಂಥ ಹಾಳೆಗೆ ಖರ್ಚು ಎಷ್ಟಾದೀತು?

ಆ ಕೊಠಡಿಯಲ್ಲಿ ಯಾರಾದರೂ ಇರಬೇಕಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್ ಇರಬೇಕು ಅಂತ ಕಾರ್ಯಕ್ರಮವೇ ಹೇಳುತ್ತದೆ. ಆ ಹುದ್ದೆ ಖಾಲಿ ಇರುವ ಕಡೆ ತುಂಬಿ. ವರ್ಷಾವಧಿ ಗುತ್ತಿಗೆಯಲ್ಲಿ ಅಲ್ಲ, ಕಾಯಂ ಆಗಿ. ಬಂದವರು ಆರು ತಿಂಗಳಲ್ಲಿ ಬಿಟ್ಟುಹೋದರೆ ರೋಗಿಯ ಜೊತೆ ಮಾಡಿದ ಕೆಲಸ ಮತ್ತೆ ಮೊದಲಿನಿಂದ ಶುರುವಾಗಬೇಕು. ಹುದ್ದೆಯಲ್ಲಿರುವವರಿಗೆ ಮೆದುಳು ಪರೀಕ್ಷೆ ಮತ್ತು ಪುನಶ್ಚೇತನದಲ್ಲಿ ನಿಮ್ಹಾನ್ಸ್ ತರಬೇತಿ ಕೊಡಿಸಿ. ವಾರದಲ್ಲಿ ಎರಡು ದಿನ ತಲೆಪೆಟ್ಟು ಮತ್ತು ಲಕ್ವದವರಿಗೇ ಮೀಸಲಿಡಿ.

ಉನ್ನತ ಶಿಕ್ಷಣ ಸಚಿವರಲ್ಲಿ ಕೇಳುವುದು ಇಷ್ಟು. ರೋಗಿಯನ್ನು ಪರೀಕ್ಷಿಸಿ ವರದಿ ಬರೆಯಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ ಬೇಕು. ಆ ನಿಯಮ ಸರಿಯಾಗಿಯೇ ಇದೆ, ಅರೆಬರೆ ಕಲಿತವರು ಹಣೆಪಟ್ಟಿ ಅಂಟಿಸುವುದು ಅಪಾಯ. ಆದರೆ ಅಂಥ ಸೀಟುಗಳು ತೀರಾ ಕಡಿಮೆ, ಇರುವವೂ ಬಹುಪಾಲು ದೊಡ್ಡ ಊರುಗಳಲ್ಲಿ. ಮೈಸೂರು, ಧಾರವಾಡ, ಕಲಬುರಗಿ, ಈ ಮೂರು ಕಡೆಯಾದರೂ ವಿಶ್ವವಿದ್ಯಾಲಯ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜು ಸೇರಿ ಮಾನ್ಯತೆ ಪಡೆದ ಕೋರ್ಸ್ ಶುರು ಮಾಡಲಿ. ಒಂದೇ ಊರಿನಲ್ಲಿ ಎರಡೂ ಸಂಸ್ಥೆ ಸರ್ಕಾರದ್ದೇ ಇವೆ ಅಥವಾ ಹತ್ತಿರದಲ್ಲಿವೆ. ಬೇಕಾಗಿರುವುದು ಎರಡು ಇಲಾಖೆಗಳು ಒಂದು ಟೇಬಲ್ಲಿಗೆ ಬರುವುದು. ಪದವಿ ಹಂತದಲ್ಲಿ ಚಿತ್ರ ಬರೆಸುವ ಪ್ರಶ್ನೆಗಳ ಜೊತೆ, ಮನೆಯಲ್ಲಿ ಒಬ್ಬರಿಗೆ ಹೀಗಾದರೆ ಏನು ಗಮನಿಸುತ್ತೀರಿ ಅಂತ ಕೇಳುವ ಪ್ರಶ್ನೆಗಳು ಬರಲಿ. ಕನ್ನಡದಲ್ಲಿ ಒಂದು ಒಳ್ಳೆಯ ಪಠ್ಯಪುಸ್ತಕವನ್ನು ತಜ್ಞರು ಮತ್ತು ಪಾಠ ಮಾಡುವವರು ಕೂಡಿ ಕೂತು ಬರೆಯಲಿ. ಅನುವಾದ ಬೇಡ, ಹೊಸದಾಗಿ ಬರೆಯಲಿ.

ಇನ್ನೊಂದು ಮಾತು ಕೇಂದ್ರಕ್ಕೆ ಸೇರಿದ್ದು, ಆದರೂ ಹೇಳಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ತಲೆಪೆಟ್ಟಿನ ಮೆದುಳು ಹಾನಿ ಪ್ರತ್ಯೇಕವಾಗಿ ಇಲ್ಲ. ಕೈಕಾಲು ನೆಟ್ಟಗಿರುವ ಆ ತಂದೆ ಪ್ರಮಾಣಪತ್ರಕ್ಕೆ ಹೋದರೆ ಯಾವ ಸಾಲಿನಲ್ಲಿ ನಿಲ್ಲಬೇಕು ಅಂತಲೇ ಯಾರಿಗೂ ಸ್ಪಷ್ಟವಿಲ್ಲ. ರಾಜ್ಯ ಸರ್ಕಾರ ಈ ಬಗ್ಗೆ ಕೇಂದ್ರಕ್ಕೆ ಶಿಫಾರಸು ಕಳಿಸಲಿ.

ಮುಂದಿನ ಬಜೆಟ್ ಸಿದ್ಧತೆಗೆ ಮುಂಚೆ ಆರೋಗ್ಯ ಮತ್ತು ಉನ್ನತ ಶಿಕ್ಷಣ ಇಲಾಖೆಗಳ ಜಂಟಿ ಸಭೆ ಕರೆಯಿರಿ. ನಿಮ್ಹಾನ್ಸ್‌ನವರನ್ನು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರನ್ನು, ಜಿಲ್ಲಾ ಆಸ್ಪತ್ರೆಯ ಇಬ್ಬರು ವೈದ್ಯರನ್ನು ಕೂರಿಸಿಕೊಳ್ಳಿ. ತಲೆಪೆಟ್ಟಾದವರ ಹೆಂಡತಿಯನ್ನೋ ಮಗಳನ್ನೋ ಕರೆಯಿರಿ, ಅವರ ಮಾತನ್ನು ಮೊದಲು ಕೇಳಿ. ಪಠ್ಯ ಬರೆಯಲು, ಮನೆಯವರಿಗೆ ಕೊಡುವ ಹಾಳೆ ಸಿದ್ಧಪಡಿಸಲು, ರಜೆಯ ದಿನ ಬಂದು ಕೂರಲು ನಾನು ಮತ್ತು ನನ್ನಂಥ ಹಲವು ಅಧ್ಯಾಪಕರು ತಯಾರಿದ್ದೇವೆ. ಸಭೆಯ ತಾರೀಖು ತಿಳಿಸಿದರೆ ಸಾಕು.

ಗೌರವಪೂರ್ವಕವಾಗಿ,
ಪದವಿ ಕಾಲೇಜೊಂದರ ಮನೋವಿಜ್ಞಾನ ಅಧ್ಯಾಪಕಿ